‘ವಾಂಟೆಡ್’ ಪೋಸ್ಟರಿನ ಆ ಅಕ್ಷರ ನಿಜಕ್ಕೂ ಎಷ್ಟು ಹಳೆಯದು?

ಕಂದು ಬಣ್ಣದ ಕಾಗದ, ಸುಟ್ಟಂತೆ ಕಾಣುವ ಅಂಚು, ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಪೋನಿ ಎಕ್ಸ್‌ಪ್ರೆಸ್’ ಎಂಬ ಹೆಸರು. ಅಮೆರಿಕದಲ್ಲಿ 1860ರಲ್ಲಿ ಕುದುರೆ ಮೇಲೆ ಅಂಚೆ ಸಾಗಿಸಲು ಹುಡುಗರು ಬೇಕಾಗಿದ್ದಾರೆ ಎನ್ನುವ ಜಾಹೀರಾತು. ವಯಸ್ಸು 18 ದಾಟಿರಬಾರದು, ಮೈ ಸಣಕಲಾಗಿರಬೇಕು, ದಿನವೂ ಪ್ರಾಣ ಪಣಕ್ಕಿಡಲು ತಯಾರಿರಬೇಕು, ಅನಾಥರಿಗೆ ಆದ್ಯತೆ. ಈ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರಬಹುದು. ಹಿಂದಿನ ಕಾಲದ ಕೆಲಸ ಎಷ್ಟು ಕಠಿಣವಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಇದು ಅಂತರ್ಜಾಲದಲ್ಲಿ ವರ್ಷಗಳಿಂದ ತಿರುಗುತ್ತಿದೆ.

ಪೋನಿ ಎಕ್ಸ್‌ಪ್ರೆಸ್ ಎಂಬ ಸೇವೆ ಇದ್ದದ್ದು ನಿಜ. 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ, ಮಿಸೌರಿಯ ಸೇಂಟ್ ಜೋಸೆಫ್ ಊರಿನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊವರೆಗೆ ಸುಮಾರು 3,000 ಕಿಲೋಮೀಟರ್ ದೂರವನ್ನು ಸವಾರರು ಹತ್ತು ದಿನಗಳ ಆಸುಪಾಸಿನಲ್ಲಿ ದಾಟಿಸುತ್ತಿದ್ದರು. ಆದರೆ ‘ಅನಾಥರಿಗೆ ಆದ್ಯತೆ’ ಎನ್ನುವ ಜಾಹೀರಾತಿನ ಮೂಲ ಪ್ರತಿ ಆ ಕಾಲದ ಯಾವ ಪತ್ರಿಕೆಯಲ್ಲೂ ಸಿಕ್ಕಿಲ್ಲ. ಸಿಕ್ಕಿರುವುದು ಬೇರೆಯದು. 1860ರ ಮಾರ್ಚ್‌ನಲ್ಲಿ ಸ್ಯಾಕ್ರಮೆಂಟೊ ಪತ್ರಿಕೆಯೊಂದರಲ್ಲಿ, ಕುದುರೆಗಳನ್ನು ನೋಡಿಕೊಳ್ಳಲು ಬಲ್ಲ ಹತ್ತು ಹನ್ನೆರಡು ಜನ ಬೇಕು ಎಂಬ ಪ್ರಕಟಣೆ ಬಂದಿತ್ತು. ಅದರಲ್ಲಿ ಸಾವಿನ ಮಾತೂ ಇಲ್ಲ, ಅನಾಥರ ಮಾತೂ ಇಲ್ಲ. ಹಾಗಾಗಿ ಜನಪ್ರಿಯವಾದ ಆ ಪೋಸ್ಟರನ್ನು ನಂತರದ ಕಾಲದ ಸೃಷ್ಟಿ ಎಂದೇ ಇತಿಹಾಸಕಾರರು ನೋಡುತ್ತಾರೆ.

ಹಾಗಿದ್ದೂ ನೋಡಿದ ಕೂಡಲೇ ನಾವು ಅದನ್ನು ನಂಬುವುದೇಕೆ? ಒಕ್ಕಣೆಯನ್ನು ಓದುವ ಮೊದಲೇ ಅಕ್ಷರದ ಆಕಾರ ‘ಇದು ಹಳೆಯದು’ ಎಂದು ಕಿವಿಯಲ್ಲಿ ಹೇಳಿಬಿಟ್ಟಿರುತ್ತದೆ. ಇಂಥ ಪೋಸ್ಟರುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಬಗೆಯ ಅಕ್ಷರವಿದೆ. ತಲೆ ಮತ್ತು ಪಾದ ದಪ್ಪ, ನಡು ತೆಳು. ಕೌಬಾಯ್ ಸಿನಿಮಾ, ಸರ್ಕಸ್ ಬೋರ್ಡ್, ಗೆಳೆಯನ ಹುಟ್ಟುಹಬ್ಬಕ್ಕೆ ಅವನ ಮುಖ ಅಂಟಿಸಿ ಗ್ರೂಪಿಗೆ ಹಾಕುವ ‘ವಾಂಟೆಡ್’ ಪೋಸ್ಟರ್, ಎಲ್ಲದರಲ್ಲೂ ಅದೇ. ಈ ಅಕ್ಷರಕ್ಕೆ ಇನ್ನೂರು ವರ್ಷದ ಸ್ವಾರಸ್ಯಕರ ಚರಿತ್ರೆ ಇದೆ. ಅದು ಶುರುವಾಗಿದ್ದು ಅಮೆರಿಕದಲ್ಲಲ್ಲ.

ಈ ಅಕ್ಷರದಲ್ಲಿ ವಿಚಿತ್ರ ಏನಿದೆ?

ಒಂದು ಸಣ್ಣ ಪ್ರಯೋಗ ಮಾಡಿ. ಫೋನಿನಲ್ಲಿ ಯಾವುದಾದರೂ ಇಂಗ್ಲಿಷ್ ಪತ್ರಿಕೆಯ ದಪ್ಪ ತಲೆಬರಹ ತೆರೆಯಿರಿ. ದೊಡ್ಡಕ್ಷರದ ಎಚ್ ಹುಡುಕಿ. ಎರಡು ನೆಟ್ಟಗಿನ ಗೆರೆಗಳು ದಪ್ಪ, ನಡುವಿನ ಅಡ್ಡಗೆರೆ ತೆಳು. ಈಗ ಸ್ಕ್ರೀನ್‌ಶಾಟ್ ತೆಗೆದು ಚಿತ್ರವನ್ನು ಪಕ್ಕಕ್ಕೆ 90 ಡಿಗ್ರಿ ತಿರುಗಿಸಿ. ಮೇಲೊಂದು ದಪ್ಪ ಪಟ್ಟಿ, ಕೆಳಗೊಂದು ದಪ್ಪ ಪಟ್ಟಿ, ನಡುವೆ ಸಣ್ಣ ಕಂಬ. ಎಚ್ ಹೋಗಿ ಐ ಆಯಿತು, ಅದೂ ಥೇಟ್ ವೈಲ್ಡ್ ವೆಸ್ಟ್ ಪೋಸ್ಟರಿನ ಐ.

ಇಂಗ್ಲಿಷ್ ಬರೆಯುವ ರೋಮನ್ ಲಿಪಿಯಲ್ಲಿ ನೆಟ್ಟಗಿನ ಗೆರೆ ದಪ್ಪ, ಅಡ್ಡಗೆರೆ ತೆಳು ಎನ್ನುವ ರೂಢಿ ಲೇಖನಿಯಿಂದ ಬಂದದ್ದು. ಚಪ್ಪಟೆ ಮೂತಿಯ ಲೇಖನಿಯನ್ನು ಓರೆಯಾಗಿ ಹಿಡಿದು ಬರೆದರೆ ಕೆಳಮುಖವಾಗಿ ಎಳೆದ ಗೆರೆ ದಪ್ಪಗೆ ಮೂಡುತ್ತದೆ, ಅಡ್ಡ ಎಳೆದದ್ದು ತೆಳ್ಳಗಾಗುತ್ತದೆ. ಅಚ್ಚಿನ ಮೊಳೆಗಳು ಬಂದಾಗಲೂ ಅದೇ ಮುಂದುವರಿಯಿತು. 18ನೇ ಶತಮಾನದ ಕೊನೆಗೆ ಫ್ರಾನ್ಸಿನ ದಿದೊ, ಇಟಲಿಯ ಬೊಡೋನಿ ಮಾಡಿದ ಅಕ್ಷರಗಳಲ್ಲಿ ಈ ವ್ಯತ್ಯಾಸ ತುದಿ ಮುಟ್ಟಿತ್ತು. ದಪ್ಪವೆಂದರೆ ಬಲು ದಪ್ಪ, ತೆಳುವೆಂದರೆ ಕೂದಲೆಳೆ.

ಇದಕ್ಕೆ ಕಣ್ಣಿನ ಕಾರಣವೂ ಒಂದಿದೆ. ಒಂದೇ ದಪ್ಪದ ಎರಡು ಗೆರೆಗಳನ್ನು ಅಡ್ಡ ಮತ್ತು ಉದ್ದ ಎಳೆದರೆ ಅಡ್ಡಗೆರೆಯೇ ಹೆಚ್ಚು ದಪ್ಪವಾಗಿ ಕಾಣುತ್ತದೆ. ಹಾಗಾಗಿ ಎಲ್ಲ ಕಡೆ ಸಮ ದಪ್ಪ ಎನಿಸುವ ಹೆಲ್ವೆಟಿಕಾದಂಥ ಫಾಂಟಿನಲ್ಲೂ ಅಡ್ಡಗೆರೆಯನ್ನು ವಿನ್ಯಾಸಕಾರರು ಒಂದಿಷ್ಟು ತೆಳು ಮಾಡಿರುತ್ತಾರೆ. ನಮ್ಮ ಪೋಸ್ಟರಿನ ಅಕ್ಷರ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿಗೆ ಮೊದಲೇ ದಪ್ಪ ಕಾಣುವುದನ್ನು ಇನ್ನೂ ದಪ್ಪ ಮಾಡುತ್ತದೆ. ಹಾಗಾಗಿ ನೋಡಿದ ತಕ್ಷಣ ಏನೋ ಎಡವಟ್ಟಾಗಿದೆ ಎನಿಸಿ ದೃಷ್ಟಿ ಅಲ್ಲೇ ನಿಲ್ಲುತ್ತದೆ. ಜಾಹೀರಾತಿಗೆ ಬೇಕಾದದ್ದೂ ಅದೇ ತಾನೆ! ಈ ಬಗೆಯನ್ನು ‘ರಿವರ್ಸ್ ಕಾಂಟ್ರಾಸ್ಟ್’ ಅಕ್ಷರ ಎಂದು ಕರೆಯುತ್ತಾರೆ.

ಅಂದಹಾಗೆ, ಈ ‘ಉಲ್ಟಾ’ ರೋಮನ್ ಲಿಪಿಯ ಲೆಕ್ಕದಲ್ಲಿ ಮಾತ್ರ. ಹೀಬ್ರೂ ಲಿಪಿಯಲ್ಲಿ ಅಡ್ಡಗೆರೆ ದಪ್ಪಗಿರುವುದೇ ಸಾಂಪ್ರದಾಯಿಕ ರೂಪ. ನಮ್ಮಲ್ಲಿ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ ಬರೆಯುತ್ತಿದ್ದಾಗ ಗೆರೆಯೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ ಬರುತ್ತಿತ್ತು.

ಹೆಸರು ‘ಇಟಾಲಿಯನ್’, ಊರು ಲಂಡನ್

ಈ ಬಗೆಯ ಅಕ್ಷರದ ಮೊದಲ ಗೊತ್ತಿರುವ ಮಾದರಿ 1821ರದು. ಲಂಡನ್ನಿನ ಕ್ಯಾಸ್ಲನ್ ಅಂಡ್ ಕ್ಯಾಥರ್‌ವುಡ್ ಎಂಬ ಮೊಳೆ ಎರಕದ ಸಂಸ್ಥೆ ಅದನ್ನು ತನ್ನ ಮಾದರಿ ಪುಸ್ತಕದಲ್ಲಿ ‘ಇಟಾಲಿಯನ್’ ಎಂಬ ಹೆಸರಿನಲ್ಲಿ ತೋರಿಸಿತು. ಇಟಲಿಗೂ ಅದಕ್ಕೂ ನೆಂಟಸ್ತನವಿಲ್ಲ. ಆಗಿನ ಮೊಳೆ ತಯಾರಕರು ಹೊಸ ಮಾಲಿಗೆ ದೂರದೂರದ ಹೆಸರಿಟ್ಟು ಮಾರುತ್ತಿದ್ದರು: ಈಜಿಪ್ಷಿಯನ್, ಟಸ್ಕನ್, ಗ್ರೀಷಿಯನ್, ಇಟಾಲಿಯನ್. ಸುಮಾರು 1816ರಲ್ಲಿ ಅದೇ ಕ್ಯಾಸ್ಲನ್ ಮನೆತನದ ಇನ್ನೊಬ್ಬರು ‘ಈಜಿಪ್ಷಿಯನ್’ ಎಂದು ಕರೆದು ಮಾರಿದ್ದು, ಪಾದವೇ ಇಲ್ಲದ ಸಾದಾ ಅಕ್ಷರವನ್ನು. ಇಂದು ಫೋನಿನ ತುಂಬ ಇರುವ ಸ್ಯಾನ್ಸ್ ಸೆರಿಫ್ ಫಾಂಟುಗಳ ಮುತ್ತಜ್ಜ ಅದು! ನಮ್ಮಲ್ಲಿ ಬಟ್ಟೆ ಅಂಗಡಿಯವರು ಸೀರೆಗೆ ಸಿನಿಮಾ ಹೆಸರಿಟ್ಟ ಹಾಗೆ ಅಂದುಕೊಳ್ಳಿ.

ಇಂಥ ಅಕ್ಷರ ಹುಟ್ಟಿದ್ದಕ್ಕೆ ಕಾರಣ ಬೀದಿ. 19ನೇ ಶತಮಾನದ ಆರಂಭದ ಲಂಡನ್ನಿನಲ್ಲಿ ಲಾಟರಿ, ನಾಟಕ, ಹರಾಜು, ಔಷಧ, ಎಲ್ಲದರ ಚೀಟಿಯೂ ಒಂದರ ಮೇಲೊಂದು ಗೋಡೆಗೆ ಬೀಳುತ್ತಿತ್ತು. ಪುಸ್ತಕ ಅಚ್ಚು ಮಾಡಲು ಇದ್ದ ನಯವಾದ ಮೊಳೆಗಳು ಅಲ್ಲಿ ಸಾಲುತ್ತಿರಲಿಲ್ಲ. ಮೊದಲು ಇದ್ದ ಅಕ್ಷರವನ್ನೇ ಉಬ್ಬಿಸಿ ದಪ್ಪ ಮಾಡಿದರು. ಆಮೇಲೆ ಪಾದಕ್ಕೆ ಇಟ್ಟಿಗೆಯಂಥ ಚೌಕ ಕಟ್ಟಿದರು. ಅದೂ ಹಳತಾದಾಗ ಯಾರೋ ದಪ್ಪ–ತೆಳು ಎರಡನ್ನೂ ಅದಲುಬದಲು ಮಾಡಿದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಥಾಮಸ್ ಕರ್ಸನ್ ಹ್ಯಾನ್ಸರ್ಡ್ ಎಂಬ ಲಂಡನ್ನಿನ ಮುದ್ರಕ 1825ರಲ್ಲಿ ‘ಟೈಪೊಗ್ರಾಫಿಯ’ ಎಂಬ ಪುಸ್ತಕ ಬರೆದ. ಅದರಲ್ಲಿ ಇಂಥ ಹೊಸ ಫ್ಯಾಷನ್ನಿನ ಅಕ್ಷರಗಳನ್ನು ಮುದ್ರಣಕಲೆಯ ವಿಕಾರಗಳೆಂದು ಜಾಡಿಸಿದ. ಮುಂದಿನ ನೂರು ವರ್ಷ ಅಕ್ಷರಕಲೆಯ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಬಹಳ ಮಂದಿಯ ಅಭಿಪ್ರಾಯ ಇದಕ್ಕಿಂತ ಬೇರೆಯಾಗಿರಲಿಲ್ಲ. ನನಗಂತೂ ಈ ಸಿಟ್ಟೇ ಆ ಅಕ್ಷರ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತ್ತು ಎಂಬುದಕ್ಕೆ ಪುರಾವೆಯಂತೆ ಕಾಣುತ್ತದೆ.

ಅಮೆರಿಕಕ್ಕೆ ಹೋಗಿ ಮರವಾಯಿತು

ಸೀಸದ ಮೊಳೆಗೆ ಒಂದು ಮಿತಿಯಿತ್ತು. ಅಂಗೈ ಅಗಲದ ಅಕ್ಷರ ಬೇಕೆಂದರೆ ಅದು ಕಲ್ಲಿನಂತೆ ಭಾರ, ಬೆಲೆಯೂ ಹೆಚ್ಚು, ಎರಕ ಹೊಯ್ದಾಗ ಒಂದೇ ಸಮನೆ ಆರದೆ ಮುಖ ಏರುಪೇರಾಗುತ್ತಿತ್ತು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರ ಹೊತ್ತಿಗೆ ಮರವನ್ನು ಕೊರೆಯುವ ಯಂತ್ರ ರೂಪಿಸಿ, 1828ರಲ್ಲಿ ಮರದ ಮೊಳೆಗಳ ಮಾದರಿ ಪುಸ್ತಕ ತಂದ. ಗಟ್ಟಿಯಾದ ಮೇಪಲ್ ಮರದ ತುಂಡುಗಳು ಹಗುರ, ಅಗ್ಗ. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಎಂಬಾತ ಆ ಯಂತ್ರಕ್ಕೆ ಪ್ಯಾಂಟೊಗ್ರಾಫ್ ಜೋಡಿಸಿದ. ಒಂದು ಅಚ್ಚಿನ ಅಂಚನ್ನು ಅನುಸರಿಸಿ ಅದೇ ಆಕಾರವನ್ನು ಬೇಕಾದ ಅಳತೆಗೆ ಕೊರೆಯುವ ಉಪಾಯ ಅದು. ಅಗಲ, ಕಿರಿದು, ಅತಿ ಕಿರಿದು ಎಂದು ಒಂದೇ ಅಕ್ಷರದ ಹತ್ತಾರು ರೂಪಗಳು ಹೊರಬಂದವು.

ಇಲ್ಲಿ ಇನ್ನೊಂದು ಕವಲು ಸೇರುತ್ತದೆ. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ‘ಕ್ಲ್ಯಾರೆಂಡನ್’ ಎಂಬ ಅಕ್ಷರ ತಂದಿದ್ದ. ಇದರಲ್ಲಿ ದಪ್ಪ ಪಾದ ಕಂಬಕ್ಕೆ ಸೇರುವಲ್ಲಿ ಮೃದುವಾದ ಬಾಗು ಇರುತ್ತದೆ. ಮೂರು ವರ್ಷದ ಕಾನೂನು ರಕ್ಷಣೆ ಮುಗಿದ ಮೇಲೆ ಎಲ್ಲರೂ ನಕಲು ಮಾಡಿದರು. 1860ರ ದಶಕದಲ್ಲಿ ಅಮೆರಿಕದ ತಯಾರಕರು ಅದನ್ನು ಉದ್ದಕ್ಕೆ ಎಳೆದು, ಅಗಲ ಕಿರಿದು ಮಾಡಿ, ತಲೆ–ಪಾದಗಳನ್ನು ಇನ್ನೂ ದಪ್ಪ ಮಾಡಿದ ರೂಪವೇ ‘ಫ್ರೆಂಚ್ ಕ್ಲ್ಯಾರೆಂಡನ್’. ಫ್ರಾನ್ಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಈಗ ಹೇಳಬೇಕಾಗಿಲ್ಲ. ಒಂದು ಸಾಲನ್ನು ಈ ಅಕ್ಷರದಲ್ಲಿ ಜೋಡಿಸಿದರೆ ಮೇಲೆ ಕೆಳಗೆ ಎರಡು ಕಪ್ಪು ಪಟ್ಟಿಗಳು ರೈಲು ಹಳಿಯಂತೆ ಓಡುತ್ತವೆ. ನಾವು ‘ವೈಲ್ಡ್ ವೆಸ್ಟ್ ಫಾಂಟ್’ ಎನ್ನುವುದು ಬಹುಪಾಲು ಇದನ್ನೇ. 1821ರ ಲಂಡನ್ನಿನ ಇಟಾಲಿಯನ್ ಇದರ ದೊಡ್ಡಪ್ಪ ಇದ್ದ ಹಾಗೆ. ಅದು ಅಗಲವಾಗಿ ಕೂತ ಅಕ್ಷರ, ಇದು ನೆಟ್ಟಗೆ ನಿಂತ ಅಕ್ಷರ.

ಹಾಗಾದರೆ ಆ ಕಾಲದ ನಿಜವಾದ ‘ವಾಂಟೆಡ್’ ಪೋಸ್ಟರ್ ಹೇಗಿತ್ತು? ಅಧ್ಯಕ್ಷ ಲಿಂಕನ್ ಹತ್ಯೆಯಾದ ಮೇಲೆ, 1865ರ ಏಪ್ರಿಲ್ 20ರಂದು ಹೊರಡಿಸಿದ ಬಹುಮಾನ ಘೋಷಣೆಯ ಪೋಸ್ಟರ್ ಉಳಿದಿದೆ. ಒಟ್ಟು 1 ಲಕ್ಷ ಡಾಲರ್ ಬಹುಮಾನ. ಅದರ ತುಂಬ ದಪ್ಪ ಸಾಲುಗಳ ಜೊತೆಗೇ ಸಣ್ಣ ಅಕ್ಷರದ ಉದ್ದುದ್ದ ವಿವರಣೆ. ಇನ್ನೂ ಮುಖ್ಯವಾದದ್ದು, ಮೂವರು ಆರೋಪಿಗಳ ಫೋಟೊಗಳನ್ನು ಬೇರೆಯಾಗಿ ತಯಾರಿಸಿ ಪೋಸ್ಟರಿಗೆ ಅಂಟಿಸಿದ್ದಾರೆ. ಏಕೆಂದರೆ ಅಕ್ಷರದ ಜೊತೆಗೇ ಫೋಟೊ ಅಚ್ಚು ಮಾಡುವ ಹಾಫ್‌ಟೋನ್ ವಿಧಾನ ಪತ್ರಿಕೆಗಳಿಗೆ ಕಾಲಿಟ್ಟದ್ದು 1880ರಲ್ಲಿ, ಹರಡಿದ್ದು ಅದಕ್ಕೂ ನಂತರ. ‘1870ರ ಪೋಸ್ಟರ್’ ಎಂದು ಬಂದ ಚಿತ್ರದಲ್ಲಿ ಫೋಟೊ ಕೂಡ ಅಚ್ಚಾಗಿದ್ದರೆ ಅಕ್ಷರ ನೋಡುವ ಮೊದಲೇ ಅನುಮಾನ ಪಡಬಹುದು.

ಮತ್ತೆ ಹುಟ್ಟಿದ್ದು ಎಷ್ಟು ಸಲ?

20ನೇ ಶತಮಾನದ ಆರಂಭದಲ್ಲಿ ಈ ಅಕ್ಷರಗಳು ಮೂಲೆ ಸೇರಿದವು. ಮರದ ಮೊಳೆಗಳು ಅಚ್ಚುಕೂಟದ ಹಿಂಬದಿಯ ಪೆಟ್ಟಿಗೆಗಳಲ್ಲಿ ಧೂಳು ತಿಂದವು. ಆಮೇಲೆ ಹಳೆಯದರ ವ್ಯಾಮೋಹ ಅವನ್ನು ವಾಪಸ್ ಕರೆತಂದಿತು. ಬ್ರಿಟನ್ನಿನ ರಾಬರ್ಟ್ ಹಾರ್ಲಿಂಗ್ 1938ರಲ್ಲಿ ಸ್ಟೀಫನ್ಸನ್ ಬ್ಲೇಕ್ ಸಂಸ್ಥೆಗಾಗಿ ‘ಪ್ಲೇಬಿಲ್’ ವಿನ್ಯಾಸ ಮಾಡಿದ. ಹಿಂದಿನ ಶತಮಾನದ ನಾಟಕದ ಚೀಟಿಗಳ ನೆನಪಿಗೆ ಮಾಡಿದ ಸೀಸದ ಮೊಳೆ ಅದು. ಇದರ ಡಿಜಿಟಲ್ ರೂಪ ಮೈಕ್ರೋಸಾಫ್ಟ್ ಆಫೀಸ್ ಜೊತೆ ಲೋಕದ ಅಸಂಖ್ಯ ಕಂಪ್ಯೂಟರುಗಳಿಗೆ ತಲುಪಿತು. ಸ್ಕೂಲ್ ಡೇ ಬ್ಯಾನರಿನಲ್ಲೋ ಹೋಟೆಲ್ಲಿನ ಮೆನುವಿನಲ್ಲೋ ನೀವು ನೋಡಿದ ‘ಕೌಬಾಯ್ ಅಕ್ಷರ’ ಇದೇ ಇರುವ ಸಾಧ್ಯತೆ ಸಾಕಷ್ಟಿದೆ.

ಆಮೇಲಿನವು ಹಲವು. ವಿಮಾನ ನಿಲ್ದಾಣದ ಫಲಕಗಳಿಗೆ ಅಕ್ಷರ ಮಾಡಿ ಹೆಸರಾದ ಏಡ್ರಿಯನ್ ಫ್ರೂಟಿಗರ್ ಅವರೂ 1989ರಲ್ಲಿ ‘ವೆಸ್ಟ್‌ಸೈಡ್’ ಎಂಬ ಕೌಬಾಯ್ ಶೈಲಿಯ ಫಾಂಟ್ ಮಾಡಿದ್ದಾರೆ. ಅಡೋಬಿ 1990ರಲ್ಲಿ ಮರದ ಮೊಳೆಗಳ ಮಾದರಿಯಲ್ಲಿ ಒಂದಷ್ಟು ಫಾಂಟ್ ತಂದಾಗ ‘ಪಾಂಡರೋಸಾ’ ಎಂಬ ಹೆಸರಿನಲ್ಲಿ ಇಟಾಲಿಯನ್ ಬಗೆಯನ್ನೂ ಸೇರಿಸಿತು. ಡೇವಿಡ್ ಜೊನಾಥನ್ ರಾಸ್ ಅವರ ‘ಟ್ರಿಲ್ಬಿ’, ಪೀಟರ್ ಬಿಲಾಕ್ ಮತ್ತು ಜೊತೆಗಾರರ ‘ಕಾರ್ಲಾಫ್’ ಈ ಶತಮಾನದವು. ನನ್ನ ಮೆಚ್ಚಿನದು 2012ರ ಈ ಕಾರ್ಲಾಫ್. ಒಂದೇ ಅಸ್ಥಿಪಂಜರದ ಮೇಲೆ ಬೊಡೋನಿಯಂಥ ಸುಂದರ ಅಕ್ಷರ, ಇಟಾಲಿಯನ್ ಬಗೆಯ ‘ಕುರೂಪಿ’ ಅಕ್ಷರ ಎರಡನ್ನೂ ಬೆಳೆಸಿ, ನಡುವೆ ಎರಡರ ಬೆರಕೆಯನ್ನೂ ಇಟ್ಟಿದ್ದಾರೆ. ಸುಂದರಕ್ಕೂ ಕುರೂಪಕ್ಕೂ ನಡುವೆ ಇರುವುದು ಗೆರೆಯ ದಪ್ಪದ ಜಾಗ ಮಾತ್ರ ಎಂದು ಕಣ್ಣಾರೆ ನೋಡಬಹುದು.

ಆ್ಯಪ್ ಹೇಳಿದ ಹೆಸರು ಸರಿಯೇ?

ಚಿತ್ರ ಹಾಕಿದರೆ ಫಾಂಟಿನ ಹೆಸರು ಹೇಳುವ ಸೌಲಭ್ಯಗಳಿವೆ. ವಾಟ್‌ದಫಾಂಟ್ ಅದರಲ್ಲಿ ಹೆಸರಾದದ್ದು, ಗೂಗಲ್ ಲೆನ್ಸ್‌ನಿಂದಲೂ ಹುಡುಕಬಹುದು. ಉಪಯೋಗಕ್ಕೆ ಬರುತ್ತವೆ, ಆದರೆ ಅವು ಏನು ಮಾಡುತ್ತವೆ ಎಂದು ತಿಳಿದಿರಬೇಕು. ವಾಟ್‌ದಫಾಂಟ್ ನಿಮ್ಮ ಚಿತ್ರವನ್ನು ತನ್ನ ಬಳಿ ಇರುವ ಡಿಜಿಟಲ್ ಫಾಂಟುಗಳೊಂದಿಗೆ ಹೋಲಿಸಿ ಹತ್ತಿರದ್ದನ್ನು ಹೇಳುತ್ತದೆ. 1875ರಲ್ಲಿ ನಿಜವಾಗಿ ಮರದ ಮೊಳೆಯಿಂದ ಅಚ್ಚಾದ ಪೋಸ್ಟರಿನ ಚಿತ್ರ ಕೊಟ್ಟರೂ ಅದು ಇಂದಿನ ಯಾವುದೋ ಫಾಂಟಿನ ಹೆಸರನ್ನೇ ಹೇಳಬೇಕು, ಬೇರೆ ದಾರಿಯಿಲ್ಲ. ಅದನ್ನು ಹಿಡಿದು ‘ಪೋಸ್ಟರ್ ನಕಲಿ’ ಎಂದು ತೀರ್ಪು ಕೊಟ್ಟರೆ ಅಸಲಿ ವಸ್ತುವಿಗೆ ಅನ್ಯಾಯವಾಗುತ್ತದೆ. ಹೆಸರು ಸಿಕ್ಕ ಮೇಲೆ ಆರ್, ಜಿ, ಎಸ್ ಮತ್ತು ಅಂಕಿಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡಬೇಕು. ಫಾಂಟುಗಳ ನಡುವಿನ ಅಂತರ ಎದ್ದು ಕಾಣುವುದು ಆರ್‌ನ ಕಾಲಿನಲ್ಲಿ, ಜಿಯ ಗದ್ದದಲ್ಲಿ. ಐ ಅಥವಾ ಎಲ್ ನೋಡಿ ಪ್ರಯೋಜನವಿಲ್ಲ, ಎಲ್ಲದರಲ್ಲೂ ಒಂದೇ ಥರ ಇರುತ್ತವೆ.

ಕಂಪ್ಯೂಟರಿನಲ್ಲಿ ಮಾಡಿದ ‘ಹಳೆ’ ಪೋಸ್ಟರ್ ಹಿಡಿಯಲು ಒಂದು ಸುಲಭದ ಉಪಾಯ ಗೀರು ನೋಡುವುದು. ಮರದ ಮೊಳೆಗಳು ಒಂದೊಂದೂ ಬೇರೆ ತುಂಡು. ಒಂದರ ಮೂಲೆ ಒಡೆದಿರುತ್ತದೆ, ಇನ್ನೊಂದರಲ್ಲಿ ಸೀಳು ಬಿಟ್ಟಿರುತ್ತದೆ, ಮಸಿಯೂ ಒಂದೇ ಸಮ ಕೂರುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ಅದರಲ್ಲಿರುವ ಇ ಅಕ್ಷರಗಳನ್ನೆಲ್ಲ ಹೋಲಿಸಿ. ಪ್ರತಿ ಇಯಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇದ್ದರೆ ಅದು ಹಳೆಯದಾಗಿ ಕಾಣಲೆಂದೇ ಗೀರು ಬರೆದಿಟ್ಟ ಡಿಜಿಟಲ್ ಫಾಂಟ್. ಕೆಲವು ಜಾಣ ಫಾಂಟುಗಳಲ್ಲಿ ದೊಡ್ಡಕ್ಷರದ ಕೀಲಿಗೆ ಒಂದು ಗೀರು, ಸಣ್ಣಕ್ಷರದ ಕೀಲಿಗೆ ಇನ್ನೊಂದು ಗೀರು ಇಟ್ಟಿರುತ್ತಾರೆ. ಹಾಗಾಗಿ ಎರಡಲ್ಲ, ಮೂರು ನಾಲ್ಕು ಅಕ್ಷರ ಹೋಲಿಸುವುದು ಒಳ್ಳೆಯದು.

ಉದ್ಧರಣ ಚಿಹ್ನೆಯೂ ಗುಟ್ಟು ಬಿಟ್ಟುಕೊಡುತ್ತದೆ. ಹಳೆಯ ಮೊಳೆಗಳಲ್ಲಿ ಅದು ಅಲ್ಪವಿರಾಮದಂತೆ ಬಾಗಿರುತ್ತದೆ. ನೆಟ್ಟಗಿನ ಗೂಟದಂಥ ಚಿಹ್ನೆ ಟೈಪ್‌ರೈಟರ್ ಮತ್ತು ಕಂಪ್ಯೂಟರ್ ಕೀಲಿಮಣೆಯ ಬಳುವಳಿ. ಇನ್ನು, ಸಾಮಾನ್ಯ ಫಾಂಟನ್ನೇ ಮೇಲಕ್ಕೆ ಎಳೆದು ಉದ್ದ ಮಾಡಿದರೆ ಅಡ್ಡಗೆರೆಗಳು ದಪ್ಪವಾಗಿ ಅರೆಬರೆ ರಿವರ್ಸ್ ಕಾಂಟ್ರಾಸ್ಟ್‌ನಂತೆಯೇ ಕಾಣುತ್ತವೆ. ಇದರಿಂದ ಮೋಸಹೋಗಬೇಡಿ. ಓ ಅಕ್ಷರ ಬಲವಂತವಾಗಿ ಹಿಂಡಿದಂತೆ ಕಂಡರೆ ಅದು ಎಳೆದದ್ದು.

ಫಾಂಟ್ ಏನನ್ನು ಸಾಬೀತು ಮಾಡಬಲ್ಲದು?

2017ರಲ್ಲಿ ಪಾಕಿಸ್ತಾನದಲ್ಲಿ ಒಂದು ಫಾಂಟ್ ಮುಖಪುಟದ ಸುದ್ದಿಯಾಯಿತು. ಅಂದಿನ ಪ್ರಧಾನಿಯ ಕುಟುಂಬ ತನಿಖಾ ತಂಡಕ್ಕೆ ಕೊಟ್ಟ ದಾಖಲೆಯ ಮೇಲೆ 2006ರ ಫೆಬ್ರುವರಿಯ ದಿನಾಂಕವಿತ್ತು. ಅಕ್ಷರ ಮಾತ್ರ ಕ್ಯಾಲಿಬ್ರಿ. ಆ ಫಾಂಟ್ ಆಫೀಸ್ 2007ರ ಜೊತೆ ಸಾರ್ವಜನಿಕರ ಕೈಗೆ ಬಂದದ್ದು 2007ರ ಜನವರಿ ಕೊನೆಗೆ. ಪ್ರಾಯೋಗಿಕ ಆವೃತ್ತಿಯಲ್ಲಿ ಮೊದಲೇ ಇತ್ತಲ್ಲ ಎಂಬ ವಾದವೂ ಬಂತು. ಪ್ರಕರಣ ಕೋರ್ಟುಗಳಲ್ಲಿ ಹಲವು ತಿರುವು ಕಂಡಿತು. 2018ರಲ್ಲಿ ಶಿಕ್ಷೆಗೊಳಗಾಗಿದ್ದ ಅವರ ಮಗಳನ್ನು 2022ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಅಂದರೆ ಫಾಂಟ್ ಒಂದು ಬಲವಾದ ಪ್ರಶ್ನೆ ಎತ್ತಬಲ್ಲದು, ಪೂರ್ತಿ ಉತ್ತರ ಅದೊಂದರಿಂದಲೇ ಬರುವುದಿಲ್ಲ.

ಭಾರತದ ಹಳೆ ಬಿಲ್ಲು, ಹಳೆ ಜಾಹೀರಾತು ಎಂದು ಬರುವ ಚಿತ್ರಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ಈಗಿನ ರೂಪಾಯಿ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿಕೊಂಡದ್ದು 2010ರ ಜುಲೈ 15ರಂದು. 1985ರ ಹೋಟೆಲ್ ಬಿಲ್ಲಿನಲ್ಲಿ ಅದು ಇದ್ದರೆ ಮುಂದೆ ನೋಡುವುದೇ ಬೇಡ.

ಆದರೆ ಈ ತರ್ಕ ಒಂದೇ ದಿಕ್ಕಿಗೆ ಓಡುತ್ತದೆ. ಆ ದಿನಾಂಕಕ್ಕಿಂತ ಆಮೇಲೆ ಹುಟ್ಟಿದ ಅಕ್ಷರ ದಾಖಲೆಯಲ್ಲಿ ಸಿಕ್ಕರೆ ದಿನಾಂಕ ಅನುಮಾನಕ್ಕೆ ಒಳಗಾಗುತ್ತದೆ. ಅದಕ್ಕಿಂತ ಹಿಂದಿನ ಅಕ್ಷರ ಸಿಕ್ಕರೆ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಹಳೆಯ ಅಕ್ಷರವನ್ನು ಇಂದು ಯಾರು ಬೇಕಾದರೂ ಬಳಸಬಹುದು. ‘1870’ ಎಂದು ಬರೆದ ಪೋಸ್ಟರಿನಲ್ಲಿರುವುದು ಪ್ಲೇಬಿಲ್ ಎಂದು ಅಕ್ಷರ ಅಕ್ಷರವೂ ಹೊಂದಿ ಖಾತ್ರಿಯಾದರೆ, ಅದು 1938ಕ್ಕಿಂತ ಹಿಂದಿನದಲ್ಲ. ಅದೇ ಜಾಗದಲ್ಲಿ ನಿಜವಾದ ಫ್ರೆಂಚ್ ಕ್ಲ್ಯಾರೆಂಡನ್ ಇದ್ದರೆ ಪೋಸ್ಟರ್ 1870ರದ್ದೂ ಇರಬಹುದು, ಹಳೆಯ ಮರದ ಮೊಳೆ ಬಳಸಿ ಯಾರೋ ಕಳೆದ ವರ್ಷ ಅಚ್ಚು ಮಾಡಿದ್ದೂ ಇರಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರಿನಲ್ಲಿರುವ ಹ್ಯಾಮಿಲ್ಟನ್ ಮರದ ಮೊಳೆಗಳ ಸಂಗ್ರಹಾಲಯದಲ್ಲಿ ಅಂಥ ಮೊಳೆಗಳಿಂದ ಇಂದಿಗೂ ಅಚ್ಚು ಹಾಕುತ್ತಾರೆ.

ಪೋನಿ ಎಕ್ಸ್‌ಪ್ರೆಸ್ ಪೋಸ್ಟರ್ ಸಿಕ್ಕಿಬಿದ್ದದ್ದೂ ಅಕ್ಷರದಿಂದಲ್ಲ, ಹಳೆಯ ಪತ್ರಿಕೆಗಳನ್ನು ಹುಡುಕಿದ್ದರಿಂದ. ಈ ಹುಡುಕಾಟದ ಒಂದಿಷ್ಟನ್ನು ಈಗ ಫೋನಿನಲ್ಲೇ ಮಾಡಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನಲ್ಲಿರುವ ಹಳೆಯ ಪೋಸ್ಟರುಗಳನ್ನೂ ಪತ್ರಿಕೆಗಳನ್ನೂ ಉಚಿತವಾಗಿ ನೋಡಲು ಇಟ್ಟಿದೆ, ಲಿಂಕನ್ ಹತ್ಯೆಯ ಬಹುಮಾನದ ಪೋಸ್ಟರ್ ಸಹಿತ. ಮರದ ಮೊಳೆಗಳ ಚರಿತ್ರೆ ಬರೆದ ರಾಬ್ ರಾಯ್ ಕೆಲ್ಲಿ ಅವರ ಸಂಗ್ರಹ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಲ್ಲಿದ್ದು, ಅದರ ಮಾದರಿಗಳೂ ಜಾಲತಾಣದಲ್ಲಿವೆ. ಒಂದು ಅಸಲಿ ಪೋಸ್ಟರನ್ನು ಹಿಗ್ಗಿಸಿ ಇ ಅಕ್ಷರಗಳನ್ನು ಹೋಲಿಸಿ ನೋಡಿದರೆ, ಮೊಳೆಯ ಸವೆತ ನಿಜಕ್ಕೂ ಹೇಗಿರುತ್ತದೆ ಎಂದು ಐದು ನಿಮಿಷದಲ್ಲಿ ಕಣ್ಣಿಗೆ ಹಿಡಿಯುತ್ತದೆ.